ಹತ್ತಕ್ಕೆ ಹತ್ತು ತೆಗೆದುಕೊಂಡ ಅಂಗಾಲು

ನಮ್ಮ ಕಡೆ ಬಸ್ಸಿನಲ್ಲಿ ಕೂತು ‘ನನಗ ಶುಗರ್ ಐತ್ರಿ’ ಅಂತ ಒಮ್ಮೆ ಬಾಯಿಬಿಟ್ಟು ನೋಡಬೇಕು. ಬಸವನ ಬಾಗೇವಾಡಿಯಲ್ಲಿ ಹತ್ತಿದವರು ಮುದ್ದೇಬಿಹಾಳದಲ್ಲಿ ಇಳಿಯುವುದರೊಳಗೆ ಹಾಗಲಕಾಯಿ ರಸ, ನೇರಳೆ ಬೀಜದ ಪುಡಿ, ನೆನೆಹಾಕಿದ ಮೆಂತ್ಯ, ಅಮೃತಬಳ್ಳಿ ಎಲ್ಲವೂ ಉಡಿಯಲ್ಲಿ ಬಂದು ಬಿದ್ದಿರುತ್ತವೆ. ಹಿಂದಿನ ಸೀಟಿನಿಂದ ಒಂದು ನಿಟ್ಟುಸಿರೂ ಬರುತ್ತದೆ: ಸಣ್ಣಾಕಿದ್ದಾಗ ಪೇಢೆ ಭಾಳ ತಿಂದಿರಬೇಕು, ಪಾಪ. ಮುದ್ದೇಬಿಹಾಳದ ಹೈಸ್ಕೂಲಿಗೆ ಇಂಗ್ಲಿಷ್ ಟೀಚರ್ ಆಗಿ ಇಪ್ಪತ್ತೆಂಟು ವರ್ಷ ಆ ದಾರಿಯಲ್ಲಿ ಓಡಾಡಿದವಳು ನಾನು. ಮೊದಮೊದಲು ಪೇಷನ್ಸ್ ಇಟ್ಟುಕೊಂಡು ಎಕ್ಸ್‌ಪ್ಲೇನ್ ಮಾಡುತ್ತಿದ್ದೆ. ನನ್ನದು ಟೈಪ್ ಒನ್, ಪೇಢೆಗೂ ಇದಕ್ಕೂ ಸಂಬಂಧವಿಲ್ಲ, ಇನ್ಸುಲಿನ್ ತಯಾರಿಸುವ ಕೆಲಸವನ್ನು ನನ್ನ ಮೈ ಹದಿಮೂರನೇ ವಯಸ್ಸಿಗೇ ನಿಲ್ಲಿಸಿಬಿಟ್ಟಿದೆ, ಸೂಜಿ ಚುಚ್ಚಿಕೊಳ್ಳದಿದ್ದರೆ ನಾಲ್ಕು ದಿನ ಬದುಕುವುದೂ ಕಷ್ಟ, ಹೀಗೆಲ್ಲ. ತಾಳಿಕೋಟೆಯ ಒಬ್ಬ ಬಟ್ಟೆ ವ್ಯಾಪಾರಿ ಪೂರ್ತಿ ಕೇಳಿಸಿಕೊಂಡು ಸಮಾಧಾನ ಹೇಳಿದರು. ಒಂದನೇ ನಂಬರಿನದಾದರೆ ಇನ್ನೂ ಸುರುವಾತು ಅಂತ ಅರ್ಥ, ನಮ್ಮ ಮಾಮಾನದು ಎರಡನೇ ನಂಬರಿಗೆ ಹೋಗೇತಿ, ಅವರದ ಕಷ್ಟ ಅಂದರು. ಅಂದಿನಿಂದ ಬಸ್ಸಿನಲ್ಲಿ ನಾನು ಕಿಟಕಿ ಕಡೆ ಮುಖ ಮಾಡಿ ಕೂಡುವುದನ್ನು ಕಲಿತೆ.

ಜನರನ್ನು ನೋಡಿ ನಕ್ಕಷ್ಟೇ ನನ್ನನ್ನು ನೋಡಿಯೂ ನಗಬೇಕಾಗಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಸ್ಸಿನವರು ತಿಳಿಯದೆ ಮಾತಾಡಿದರು. ನಾನು ಎಲ್ಲಾ ತಿಳಿದು, ಗುಡ್ ಹ್ಯಾಂಡ್‌ರೈಟಿಂಗಿನಲ್ಲಿ, ನನ್ನ ಕಾಲನ್ನು ಕಳೆದುಕೊಳ್ಳುವ ತನಕ ಹೋಗಿದ್ದೆ.

ಇಂಡಿಯಲ್ಲಿ ವಕೀಲಿ ಮಾಡುತ್ತಿದ್ದ ನಮ್ಮ ಅಪ್ಪ ನನ್ನನ್ನು ಬಿಜಾಪುರದ ಕಾನ್ವೆಂಟ್ ಹಾಸ್ಟೆಲಿಗೆ ಹಾಕಿದ್ದರು. ನಿಂಬೆಗಿಡಗಳ ನಡುವೆ ಬರಿಗಾಲಲ್ಲಿ ಬೆಳೆದ ಹುಡುಗಿಗೆ ಬಿಳಿ ಸಾಕ್ಸು, ಕರೀ ಶೂ. ಅಲ್ಲೇ ಒಂದು ವರ್ಷ ನೀರಡಿಕೆ ಸುರುವಾಯಿತು. ಕೊಡಗಟ್ಟಲೆ ಕುಡಿದು ಮತ್ತೆ ಮತ್ತೆ ಬಾತ್‌ರೂಮಿಗೆ ಓಡುತ್ತಿದ್ದೆ. ಈವ್ನಿಂಗ್ ಪ್ರೇಯರ್ ತಪ್ಪಿಸಲಿಕ್ಕೆ ನಾಟಕ ಮಾಡುತ್ತಿದ್ದೇನೆಂದು ಸಿಸ್ಟರ್ ಒಬ್ಬರು ನನ್ನನ್ನು ವರಾಂಡದಲ್ಲಿ ಮಂಡಿಯೂರಿ ನಿಲ್ಲಿಸಿದರು. ಮೂರನೇ ದಿನ ಎಚ್ಚರ ತಪ್ಪಿ ಬಿದ್ದಾಗ ನಾಟಕ ಅಲ್ಲವೆಂದು ಒಪ್ಪಿದರು. ಆಮೇಲೆ ನನ್ನ ಗಾಜಿನ ಸಿರಿಂಜನ್ನು ದಿನಾ ಕುದಿಸಿ ಕೊಟ್ಟವರೂ ಅವರೇ. ಫ್ರಿಜ್ಜು ಇಲ್ಲದ ಕಾಲ. ರಜೆಗೆ ಇಂಡಿಗೆ ಹೋದಾಗ ಸೊಲ್ಲಾಪುರದಿಂದ ತರಿಸಿದ ಇನ್ಸುಲಿನ್ ಬಾಟ್ಲಿಯನ್ನು ಅಪ್ಪ ಗಡಿಗೆಯೊಳಗೆ ಒದ್ದೆ ಉಸುಕು ಹಾಕಿ, ಅದರೊಳಗೆ ಇನ್ನೊಂದು ಮಡಕೆ ಇಟ್ಟು ಕಾಪಾಡುತ್ತಿದ್ದರು. ಆಗ ಅದನ್ನು ತೆಗೆಯುತ್ತಿದ್ದದ್ದು ದನ, ಹಂದಿಯ ಅಂಗದಿಂದ. ಮೊಟ್ಟೆಯ ವಾಸನೆಗೂ ಮೂಗು ಮುಚ್ಚುವ ನಮ್ಮ ಅಜ್ಜಿಗೆ ಅಪ್ಪ ಅದನ್ನು ಹೇಳಲಿಲ್ಲ. ಗಡಿಗೆಗೆ ಅಜ್ಜಿ ದಿನಾ ತಾನೇ ನೀರು ಚಿಮುಕಿಸುತ್ತಿದ್ದಳು, ಒಳ್ಳೇ ಮಡಿಯಿಂದ.

ಕಾನ್ವೆಂಟಿನಿಂದ ನನಗೆ ಬಂದ ಆಸ್ತಿ ಎರಡು. ದುಂಡಗಿನ ಅಕ್ಷರ, ಮತ್ತೆ ಕಡಿಮೆ ಮಾರ್ಕ್ಸಿನ ಅಂಜಿಕೆ. ಈ ರೋಗಕ್ಕೆ ಇವೆರಡಕ್ಕಿಂತ ಕೆಟ್ಟ ಸಾಮಾನು ಬೇರೆ ಇಲ್ಲ.

ಮದುವೆಯಾಗಿ ಬಾಗೇವಾಡಿಯ ಮನೆಗೆ ಬಂದೆ. ಮನೆ ನಡೆಸುತ್ತಿದ್ದವರು ನನ್ನ ಹಿರಿಯ ನೆಗೆಣ್ಣಿ, ಯಜಮಾನರ ಅಣ್ಣನ ಹೆಂಡತಿ. ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವರು. ಅವರನ್ನು ನಾನು ಇವತ್ತಿಗೂ ಅಕ್ಕಾ ಅಂತೇನಿ. ಆ ಮನೆಯಲ್ಲಿ ಎಲ್ಲಕ್ಕೂ ರಿಯಾಯಿತಿ ಇತ್ತು, ನಾನು ನೌಕರಿಗೆ ಹೋಗುವುದಕ್ಕೂ, ಊಟಕ್ಕೆ ಮುಂಚೆ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುವುದಕ್ಕೂ. ಚಪ್ಪಲಿಗೆ ಮಾತ್ರ ಇರಲಿಲ್ಲ. ಚಪ್ಪಲಿ ಹೊರಗಿನ ಕಟ್ಟೆಯ ಮೇಲೆ, ಪಡಸಾಲೆಯಿಂದ ಒಳಗೆ ಬರಿಗಾಲು. ಅದೊಂದು ನಿಯಮ ಅಂತಲೂ ನನಗೆ ಅನಿಸಿರಲಿಲ್ಲ. ಬೇಸಿಗೆಯಲ್ಲಿ ಶಾಲೆಯಿಂದ ಬಂದು, ಚಪ್ಪಲಿ ಬಿಟ್ಟು, ಒರೆಸಿದ ಕಲ್ಲಿನ ನೆಲದ ಮೇಲೆ ಕಾಲಿಟ್ಟರೆ ಅಂಗಾಲಿನಿಂದ ತಲೆಯವರೆಗೆ ಹತ್ತುತ್ತಿದ್ದ ಆ ತಂಪು! ಈಗ ಅದನ್ನು ಬರೆಯಬಹುದು ಅಷ್ಟೇ. ಯಾವ ದಿನ ಅದು ಕೊನೆಯ ಸಲ ಹತ್ತಿತೋ ನನಗೆ ಗೊತ್ತಿಲ್ಲ. ಗೊತ್ತಾಗಿದ್ದರೆ ಆವತ್ತು ಸ್ವಲ್ಪ ಹೊತ್ತು ನಿಂತಿರುತ್ತಿದ್ದೆ.

ಮೊದಲು ಉರಿ ಬಂತು. ಮೆಣಸಿನಕಾಯಿ ತುಳಿದಂತೆ ಅಂಗಾಲು ಉರಿಯುತ್ತಿತ್ತು, ಇರುವೆ ಹರಿದಂತೆ ಜುಮುಗುಡುತ್ತಿತ್ತು. ಸಿಂದಗಿಯಲ್ಲಿರುವ ನಮ್ಮ ಬೀಗರು, ಅಕ್ಕನ ಮಗಳ ಮಾವ, ಹಾಗಲಕಾಯಿ ರಸದ ದೊಡ್ಡ ಭಕ್ತರು. ಎರಡು ವರ್ಷ ಅವರ ಒತ್ತಾಯಕ್ಕೆ ಬೆಳಿಗ್ಗೆ ಒಂದು ಲೋಟ ಕುಡಿದೆ. ಒಂದು ದಿನ ಉರಿ ನಿಂತುಬಿಟ್ಟಿತು. ಬೀಗರು ಊರೆಲ್ಲ ಹೇಳಿದರು, ಟೀಚರ್ ಕಾಲು ನಾನ ಚಲೋ ಮಾಡೀನಿ ಅಂತ. ನಾನೂ ಥ್ಯಾಂಕ್ಸ್ ಹೇಳಿ ಒಂದು ಡಜನ್ ಬಾಳೆಹಣ್ಣು ಕೊಟ್ಟೆ. ನರಗಳು ಚಲೋ ಆಗಿದ್ದಕ್ಕೆ ಅಲ್ಲ, ಸತ್ತಿದ್ದಕ್ಕೆ ಉರಿ ನಿಂತಿದೆ ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ. ಸಾವಿಗೆ ಬಾಳೆಹಣ್ಣು ಹಂಚಿದ್ದು ನಾನೊಬ್ಬಳೇ ಇರಬೇಕು.

ನರ ಕೊಲ್ಲುವಷ್ಟು ಸಕ್ಕರೆ ಇಷ್ಟು ವರ್ಷ ಮೇಲೇ ಯಾಕೆ ಇತ್ತು ಅಂತ ಕೇಳಿದರೆ ಅದಕ್ಕೂ ಮಾನದ ಪ್ರಶ್ನೆಯೇ ಕಾರಣ. ನೌಕರಿಯ ಮೊದಲ ವರ್ಷ, ಒಂಬತ್ತನೇ ಕ್ಲಾಸಿನಲ್ಲಿ ಸಕ್ಕರೆ ತೀರಾ ಇಳಿದು ತಲೆ ಮಂಕಾಯಿತು. ಪ್ರೆಸೆಂಟ್ ಪರ್ಫೆಕ್ಟ್ ಹೇಳಿಕೊಡುತ್ತಿದ್ದವಳು ಬೋರ್ಡಿನ ಮುಂದೆ ಅಳಲಿಕ್ಕೆ ಹತ್ತಿದೆನಂತೆ, ‘ಹ್ಯಾವ್’ ಎಲ್ಲಿ ಹೋತು, ‘ಹ್ಯಾವ್’ ಎಲ್ಲಿ ಹೋತು ಅಂತ. ನನಗೆ ನೆನಪಿಲ್ಲ. ಮಕ್ಕಳಿಗೆ ಚೆನ್ನಾಗಿ ನೆನಪಿತ್ತು, ಅವರ ಮಕ್ಕಳಿಗೂ ಹೇಳಿದ್ದಾರೆ. ಅಂದೇ ಶಪಥ ಮಾಡಿದೆ, ಇನ್ನು ಇನ್ನೂರಕ್ಕಿಂತ ಕೆಳಗೆ ಇಳಿಯುವುದಿಲ್ಲ. ಇನ್ಸುಲಿನ್ ಒಂದೆರಡು ಪಾಯಿಂಟು ಕಡಿಮೆಯೇ ಚುಚ್ಚುತ್ತಾ ಬಂದೆ. ಡಿಗ್ನಿಟಿ ಉಳಿಯಿತು.

ಈಗ ಡಾಕ್ಟರಿಗೆ ಬರುತ್ತೇನೆ. ವಿಜಯಪುರದಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಮೂರು ತಿಂಗಳಿಗೊಮ್ಮೆ ಹೋಗುತ್ತೇನೆ. ದಿನಾ ಮೂರು ಹೊತ್ತು ಬೆರಳು ಚುಚ್ಚಿ ನೋಡಿ ಬರೆದಿಡಿ ಅಂತ ಅವರು ಒಂದು ನೋಟ್‌ಬುಕ್ ಕೊಟ್ಟಿದ್ದರು. ನಾನು ಬರೆಯುತ್ತಿದ್ದೆ, ಹೋಗುವ ಹಿಂದಿನ ದಿನ, ಕೂತ ಕೂತಲ್ಲೇ, ಮೂರು ತಿಂಗಳದ್ದನ್ನು. ನೂರಾ ಹದಿನೆಂಟು, ನೂರಾ ಮೂವತ್ತೊಂದು. ಅನುಮಾನ ಬರಬಾರದೆಂದು ನಡುನಡುವೆ ನೂರಾ ಎಂಬತ್ತು ಹಾಕಿ, ಪಕ್ಕದಲ್ಲಿ ‘ಹೋಳಿಗೆ’ ಅಂತ ಬರೆಯುವುದು. ಎರಡು ಬಣ್ಣದ ಪೆನ್ನು. ಬೆಳಗಿನದು ನೀಲಿ, ಸಂಜೆಯದು ಹಸಿರು. ಇಪ್ಪತ್ತೆಂಟು ವರ್ಷ ಮಕ್ಕಳ ಕಾಪಿ ಹಿಡಿದವಳಿಗೆ ಕಾಪಿ ಹೇಗೆ ಕಾಣಿಸಬಾರದು ಅನ್ನುವುದು ಗೊತ್ತಿರುವುದಿಲ್ಲವೇ?

ಆದರೆ ಎಚ್‌ಬಿಎ ಒನ್ ಸಿ ಅನ್ನುವ ಒಂದು ರಕ್ತಪರೀಕ್ಷೆ ಇದೆ. ಆ ಒಂದು ದಿನದ ಸಕ್ಕರೆಯನ್ನಲ್ಲ, ಹಿಂದಿನ ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ಅದರ ಮುಂದೆ ಎರಡು ದಿನ ರೊಟ್ಟಿ ಬಿಟ್ಟು ಬಂದವರ ಆಟ ನಡೆಯುವುದಿಲ್ಲ. ಹಿಂದಿನ ವರ್ಷ ಒಮ್ಮೆ ಅದು ಒಂಬತ್ತೂವರೆ ಬಂತು. ಡಾಕ್ಟರಮ್ಮ ನನ್ನ ನೋಟ್‌ಬುಕ್ ಒಂದು ಕೈಯಲ್ಲಿ, ರಿಪೋರ್ಟು ಒಂದು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

“ನಿಮ್ಮ ಬುಕ್ಕಿನ ಪ್ರಕಾರ ಆರೂವರಿ ಬರಬೇಕಿತ್ತು ಮೇಡಂ. ಸುಳ್ಳು ಯಾರು ಹೇಳಾಕತ್ತಾರ್ರಿ, ಬುಕ್ಕೋ, ರಕ್ತಾನೋ?”

ಲ್ಯಾಬಿನವರ ಮಿಸ್ಟೇಕ್ ಇರಬಹುದು ಅಂದೆ. ಸ್ಪಷ್ಟ ಉಚ್ಚಾರಣೆಯಲ್ಲಿ.

ಅವರು ನನ್ನನ್ನು ಮಂಚದ ಮೇಲೆ ಮಲಗಿಸಿದರು. ಪಾದದ ನರ ಪರೀಕ್ಷೆ ಮಾಡುವುದಿತ್ತು. ಒಂದು ಹಿಡಿಕೆಗೆ ನೈಲಾನ್ ಎಳೆ ಸಿಕ್ಕಿಸಿರುತ್ತಾರೆ. ಅದರ ತುದಿಯನ್ನು ಅಂಗಾಲಿನ ಹತ್ತು ಜಾಗಕ್ಕೆ ಒತ್ತುತ್ತಾರೆ. ನಾವು ಕಣ್ಣು ಮುಚ್ಚಿಕೊಂಡು, ಗೊತ್ತಾದಾಗ ಹೂಂ ಅನ್ನಬೇಕು. ಮೊದಲೇ ಒಂದು ಪರೀಕ್ಷೆಯಲ್ಲಿ ಫೇಲಾದ ಅವಮಾನ. ಕಣ್ಣು ಮುಚ್ಚಿದೆ, ಕಾದೆ. ಏನೂ ಇಲ್ಲ. ನನಗೆ ಪಾದಗಳೇ ಇಲ್ಲವೇನೋ ಅನ್ನುವಷ್ಟು ಏನೂ ಇಲ್ಲ. ಆದರೆ ಡಾಕ್ಟರಮ್ಮನಿಗೆ ಹೊಸದಾಗಿ ಮದುವೆಯಾಗಿತ್ತು. ಕೈತುಂಬ ಗಾಜಿನ ಬಳೆ. ಅವರು ಕೈ ಮುಂದೆ ಮಾಡಿದಾಗಲೆಲ್ಲ ಬಳೆ ಕಿಣ್ ಅಂದವು.

ಕಿಣ್. ಹೂಂ ಅಂದೆ. ಕಿಣ್. ಹೂಂ. ಬಲಗಾಲು ಹತ್ತಕ್ಕೆ ಹತ್ತು. ಎಡಗಾಲಿನಲ್ಲಿ ಬೇಕಂತಲೇ ಒಂದು ಬಿಟ್ಟೆ, ಔಟ್ ಆಫ್ ಔಟ್ ತೆಗೆದರೆ ಅನುಮಾನ ಬರುತ್ತದೆ.

ಇಷ್ಟು ವರ್ಷದ ಶುಗರಿಗೆ ಇಂಥಾ ಪಾದ ನಾ ನೋಡಿಲ್ರಿ ಅಂತ ಡಾಕ್ಟರಮ್ಮ ಖುಷಿಪಟ್ಟರು. ಫೈಲಿನಲ್ಲಿ ಹಾಗೇ ಬರೆದರು. ಇಲ್ಲದಿದ್ದರೆ ಬೇರೆ ಚಪ್ಪಲಿ ಮಾಡಿಸಲು ಹೇಳುತ್ತಿದ್ದರು, ತಿಂಗಳಿಗೊಮ್ಮೆ ಕರೆಸುತ್ತಿದ್ದರು. ನನಗೆ ಬರೀ ಒಂದು ಮಾತು ಹೇಳಿ ಕಳಿಸಿದರು, ಮನೆಯೊಳಗೂ ಚಪ್ಪಲಿ ಹಾಕಿಕೊಂಡರೆ ಒಳ್ಳೇದು ಅಂತ. ಮನೆಗೆ ಬಂದು ಅಕ್ಕನಿಗೆ ನಗುತ್ತಾ ಹೇಳಿದೆ. ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ನಾ ಸತ್ತ ಮ್ಯಾಲೆ ಒಲಿ ಮುಂದ ಚಪ್ಪಲ್ ಹಾಕ್ಕೊಂಡು ಕುಣಿ ಅಂದರು. ಅಲ್ಲಿಗೆ ಮುಗಿಯಿತು. ಹತ್ತಕ್ಕೆ ಹತ್ತು ತೆಗೆದವಳು ವಾದ ಯಾಕೆ ಮಾಡಲಿ?

ಎಂಟು ತಿಂಗಳಾದ ಮೇಲೆ ಅಕ್ಕನ ಮೊಮ್ಮಗಳ ಕುಬಸ ಬಂತು. ಏಳು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಕರೆದ ಮುತ್ತೈದೆಯರಿಗೆಲ್ಲ ಅರಿಶಿಣ ಹಚ್ಚಿ ಮಾಡುವ ಊಟದ ಸಮಾರಂಭ. ಪಡಸಾಲೆಯ ಗೋಡೆಗೆ ಹಲಗೆ ನಿಲ್ಲಿಸಿ ‘ವೆಲ್‌ಕಮ್’ ಅಂತ ಕರ್ಸಿವ್ ಅಕ್ಷರದಲ್ಲಿ ಬರೆಯುವ ಕೆಲಸ ಬೇರೆ ಯಾರಿಗಾದರೂ ಬಿಟ್ಟುಕೊಡುತ್ತೇನೆಯೇ? ಎರಡು ದಿನ ಮೊದಲೇ ಬಣ್ಣದ ಹಾಳೆಯಲ್ಲಿ ಬರೆದು, ಹಲಗೆಗೆ ಡ್ರಾಯಿಂಗ್ ಪಿನ್ನು ಚುಚ್ಚಿ, ದೂರ ನಿಂತು ನೋಡಿ ಹೆಮ್ಮೆಪಟ್ಟೆ. ಒಂದು ಪಿನ್ನು ಕೆಳಗೆ ಬಿದ್ದಿರಬೇಕು.

ಆ ಎರಡು ದಿನ ನಾನು ನಡೆದಾಗಲೆಲ್ಲ ಕಲ್ಲಿನ ನೆಲದ ಮೇಲೆ ಟಕ್ ಟಕ್ ಅಂತ ಸಣ್ಣ ಸಪ್ಪಳ ಕೇಳುತ್ತಿತ್ತು. ಮನೆ ತುಂಬ ಹೆಂಗಸರು, ಯಾರದೋ ಕಾಲುಂಗುರ ಅಂದುಕೊಂಡೆ. ಎಷ್ಟು ಗತ್ತಿನಿಂದ ನಡೀತಾಳಪ್ಪ ಯಾರೋ ಅಂತ ಮನಸ್ಸಿನಲ್ಲೇ ಕಮೆಂಟೂ ಮಾಡಿದೆ.

ಕುಬಸದ ದಿನ ಮುತ್ತೈದೆಯರನ್ನು ಸಾಲಾಗಿ ಕೂಡಿಸಿ, ಗೊಳಸಂಗಿಯಿಂದ ಬಂದ ಒಬ್ಬ ಸೊಸೆ ಕಾಲಿಗೆ ಅರಿಶಿಣ ಹಚ್ಚುತ್ತಾ ಬಂದಳು. ನನ್ನ ಬಲಗಾಲು ಎತ್ತಿ ಹಿಡಿದವಳು ಹಾಗೇ ನಿಂತಳು.

“ಅಮ್ಮಾರ, ನಿಮ್ಮ ಕಾಲಾಗ ಮೊಳಿ ನಟ್ಟೈತ್ರಿ.”

ಎರಡನೇ ಬೆರಳಿನ ಬುಡದಲ್ಲಿ ನನ್ನ ಡ್ರಾಯಿಂಗ್ ಪಿನ್ನು, ತಲೆಯವರೆಗೆ ಒಳಗೆ. ಹಿತ್ತಾಳೆಯ ತಲೆ ಎರಡು ದಿನ ಕಲ್ಲಿಗೆ ತಿಕ್ಕಿ ಮಿರಿಮಿರಿ ಮಿಂಚುತ್ತಿತ್ತು. ಹೆಂಗಸರೆಲ್ಲ ಸುತ್ತ ನೆರೆದರು. ಅಯ್ಯೋ ನೋವಾಗಲಿಲ್ಲೇನ್ರಿ ಅಂತ ಒಬ್ಬೊಬ್ಬರೂ ಕೇಳಿದರು. ಇಲ್ಲ ಅಂದಾಗ ಅವರ ಕಣ್ಣಲ್ಲಿ ಒಂದು ಭಕ್ತಿಯೇ ಬಂತು. ಟೀಚರ್ ಭಾಳ ಗಟ್ಟಿ ಹೆಣ್ಣಮಗಳು. ದೇವರಾಣೆ ಹೇಳುತ್ತೇನೆ, ಆ ಹೊಗಳಿಕೆ ನನಗೆ ಇಷ್ಟವಾಯಿತು.

ಪಿನ್ನು ಕಿತ್ತು ಅಕ್ಕ ಅಲ್ಲೇ ಇದ್ದ ಅರಿಶಿಣವನ್ನು ಗಾಯಕ್ಕೆ ಒತ್ತಿದರು. ನಾಲ್ಕು ದಿನ ಹಾಗೇ ನಡೆಯಿತು, ಬೆಳಿಗ್ಗೆ ಅರಿಶಿಣ, ಸಂಜೆ ಅರಿಶಿಣ. ಹಳದಿಯ ಕೆಳಗೆ ಬೆರಳು ಯಾವ ಬಣ್ಣಕ್ಕೆ ತಿರುಗುತ್ತಿದೆ ಅನ್ನುವುದು ಕಾಣುವ ಹಾಗಿರಲಿಲ್ಲ. ಡಾಕ್ಟರಿಗೆ ಫೋನ್ ಮಾಡು ಅಂತ ಯಜಮಾನರು ಪೇಪರಿನ ಹಿಂದಿನಿಂದ ಎರಡು ಸಲ ಅಂದರು. ನೋವೇ ಇಲ್ಲ, ಏನಂತ ಫೋನ್ ಮಾಡಲಿ ಅಂತ ಅವರ ಬಾಯಿ ಮುಚ್ಚಿಸಿದೆ. ಐದನೇ ದಿನ ಚಳಿಜ್ವರ ಬಂತು. ಸಕ್ಕರೆ ನಾನೂರು ದಾಟಿತು. ಅರಿಶಿಣ ತೊಳೆದರೆ ಎರಡನೇ ಬೆರಳು ಬದನೆಕಾಯಿ ಬಣ್ಣ, ಪಾದದ ಅರ್ಧಕ್ಕೆ ಕೆಂಪು ಏರಿತ್ತು. ವಾಸನೆಗೆ ಅಕ್ಕ ಸೆರಗು ಮೂಗಿಗೆ ಹಿಡಿದರು. ಹಾಗೆ ಹಿಡಿದದ್ದಕ್ಕೆ ನಾಚಿ ಮತ್ತೆ ಬಿಟ್ಟರು.

ವಿಜಯಪುರಕ್ಕೆ ಹೋದಾಗ ಡಾಕ್ಟರಮ್ಮ ಸುತ್ತಿಬಳಸಿ ಮಾತಾಡಲಿಲ್ಲ. ಬೆರಳು ಹೋದಂತೆಯೇ, ಪಾದ ಉಳಿಯುತ್ತದೋ ಇಲ್ಲವೋ ಎರಡು ದಿನದಲ್ಲಿ ಗೊತ್ತಾಗುತ್ತದೆ ಅಂದರು. ಆಮೇಲೆ ಹಳೆಯ ಫೈಲು ತೆಗೆದರು. ಪುಟ ತಿರುವುತ್ತಾ ಅವರ ಮುಖ ಸಣ್ಣದಾಯಿತು.

“ಬಲಗಾಲು ಹತ್ತಕ್ಕ ಹತ್ತು ಗೊತ್ತಾಗತಾವ ಅಂತ ನಾನ ಬರದೇನ್ರಿ. ಎಂಟ ತಿಂಗಳದಾಗ ಹಿಂಗ ಹ್ಯಾಂಗ ಆತು? ನಾನ ತಪ್ಪ ನೋಡಿದ್ನೇನು?”

ನನ್ನ ಮಗಳ ವಯಸ್ಸಿನ ಹುಡುಗಿ. ಕಣ್ಣಲ್ಲಿ ನೀರು ತುಂಬಿಕೊಂಡು ತನ್ನ ಅಕ್ಷರವನ್ನೇ ನೋಡುತ್ತಿದ್ದಳು. ನನ್ನ ಪಾದದ ಚಿಂತೆ ಒಂದು ಕ್ಷಣ ಮರೆತುಹೋಯಿತು. ಸುಮ್ಮನಿದ್ದರೆ ಇವಳು ಜೀವಮಾನವಿಡೀ ಈ ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಳ್ಳುತ್ತಾಳೆ. ನಾನು ಸುಮ್ಮನಿರಬಹುದಿತ್ತು, ಇರಬೇಕು ಅಂತಲೂ ಒಂದು ಗಳಿಗೆ ಅನಿಸಿತು. ಅಷ್ಟು ಹಳೆಯದು ಆ ಚಟ.

“ನಿಮ್ಮದಲ್ಲ ತಪ್ಪು. ನಿಮ್ಮ ಕೈಯಾಗಿನ ಬಳಿ ಸಪ್ಪಳ ಕೇಳಿ ಹೂಂ ಅಂದೆ. ಬುಕ್ಕೂ ಸುಳ್ಳು, ಪಾದಾನೂ ಸುಳ್ಳು.”

ಡಾಕ್ಟರಮ್ಮ ಫೈಲು ಮುಚ್ಚಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಕೊನೆಗೆ ಕೇಳಿದ್ದು ಒಂದೇ, ಯಾರಿಗೆ ಮೋಸ ಮಾಡಿದ್ರಿ ಮೇಡಂ ಅಂತ. ಈ ಪ್ರಶ್ನೆಯನ್ನು ನಾನು ಎಷ್ಟು ಮಕ್ಕಳಿಗೆ ಕೇಳಿದ್ದೆ, ಬೆಂಚಿನ ಮೇಲೆ ನಿಲ್ಲಿಸಿ! ಅವರಂತೆ ನಾನೂ ನೆಲ ನೋಡಿದೆ.

ಬೆರಳು ತೆಗೆದರು. ಪಾದ ಉಳಿಯಿತು. ಹೇಳಿಕೊಳ್ಳುವಂಥ ಧೈರ್ಯವನ್ನೇನೂ ನಾನು ತೋರಿಸಲಿಲ್ಲ. ಹದಿನಾಲ್ಕು ದಿನ ಕಾಲು ಎತ್ತಿಟ್ಟುಕೊಂಡು ಮಲಗಿದ್ದೆ. ನೋಡಲು ಬಂದವರೆಲ್ಲ ಬಾಳೆಹಣ್ಣನ್ನೇ ತಂದರು. ಸಿಂದಗಿಯ ಬೀಗರು ಮಾತ್ರ ಒಂದು ಬಾಟ್ಲಿ ತಂದಿದ್ದರು, ಹಸಿರು ರಸ. ರಸ ಬಿಟ್ಟಿದ್ದಕ್ಕೇ ಹೀಗಾಯಿತೆಂದು ಅವರ ನಂಬಿಕೆ. ಅಕ್ಕ ಆ ಬಾಟ್ಲಿಯನ್ನು ಅವರ ಕಣ್ಣಮುಂದೆಯೇ ಮೋರಿಗೆ ಸುರಿದು, ಖಾಲಿ ಬಾಟ್ಲಿಯನ್ನು ತೊಳೆದು ಅವರ ಕೈಗೆ ಕೊಟ್ಟರು.

ಮನೆಗೆ ಬಂದ ದಿನ ಪಡಸಾಲೆಯಲ್ಲಿ ಒಂದು ಜೊತೆ ಹೊಸ ಚಪ್ಪಲಿ ಇಟ್ಟಿತ್ತು. ಡಾಕ್ಟರಮ್ಮ ಅಳತೆ ತೆಗೆಸಿ ಮಾಡಿಸಿದ್ದು. ಅಕ್ಕ ಅದನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿದ್ದರು, ಮೇಲೆ ಒಂದು ಚಿಟಿಕೆ ಭಸ್ಮವನ್ನೂ ಹಚ್ಚಿದ್ದರು. ಇದಕ್ಕ ಹೊರಗಿನ ಮಣ್ಣ ಹತ್ತಬಾರದು, ಬರೀ ಒಳಗಿಂದು ಅಂತ ಕಟ್ಟಪ್ಪಣೆಯಾಯಿತು. ಒಲೆಯ ತನಕ ಬಿಟ್ಟರು, ದೇವರ ಕೋಣೆ ಬಿಡಲಿಲ್ಲ. ನಾನು ಹೊಸ್ತಿಲಾಚೆ ನಿಂತೇ ಕೈ ಮುಗಿಯುತ್ತೇನೆ. ಅಡುಗೆಮನೆಗೆ ಪ್ರವೇಶ ಶುಲ್ಕ ಒಂದು ಬೆರಳಾಯಿತು. ದೇವರ ಕೋಣೆಗೆ ಎಷ್ಟು ಬೀಳುತ್ತದೋ ಕೇಳಲು ಹೋಗಿಲ್ಲ.

ನೋವು ತಿಳಿಯದ ಪಾದವನ್ನು ದಿನಾ ಕಣ್ಣಿಂದ ನೋಡಬೇಕು ಅಂತ ಡಾಕ್ಟರಮ್ಮ ಹೇಳಿದ್ದಾರೆ. ನನ್ನ ಸಂಧಿವಾತದ ಸೊಂಟಕ್ಕೆ ಬಗ್ಗಿ ಅಂಗಾಲು ನೋಡಿಕೊಳ್ಳುವುದು ಆಗುವುದಿಲ್ಲ. ಕನ್ನಡಿ ಹಿಡಿದರೆ ಕಣ್ಣು ಸಾಲದು. ಹಾಗಾಗಿ ದಿನಾ ಬೆಳಿಗ್ಗೆ ಚಹಾ ಆದ ಮೇಲೆ ಅಕ್ಕ ಟಾರ್ಚ್ ಹಿಡಿದು ನನ್ನ ಅಂಗಾಲು ನೋಡುತ್ತಾರೆ. ಮೊದಲ ದಿನ ನಾನು ಕಾಲು ಹಿಂದೆ ಎಳೆದುಕೊಂಡಿದ್ದೆ. ಹಿರಿಯರು ನನ್ನ ಕಾಲು ಹಿಡಿಯುವುದೆಂದರೆ ನನಗೆ ಪಾಪ, ಅವರಿಗೆ ಅವಮಾನ. ಅಕ್ಕನಿಗೂ ಅದು ಕಷ್ಟವೇ. ಒಂದು ವಾರ ಮುಟ್ಟದೆ, ಟಾರ್ಚನ್ನು ಆ ಕಡೆ ಈ ಕಡೆ ಆಡಿಸಿ, ಮ್ಯಾಲ ಎತ್ತು, ಈ ಕಡಿ ವಾರಿ ಮಾಡು ಅಂತ ಬಾಯಲ್ಲೇ ನಡೆಸಿದರು. ಹಂಗ ಕಾಣೂದಿಲ್ಲ ಅಂತ ಎಂಟನೇ ದಿನ ಹಿಮ್ಮಡಿಯನ್ನು ಹಿಡಿದು ತೊಡೆಯ ಮೇಲೆ ಎಳೆದುಕೊಂಡರು. ನನಗೆ ಅವರ ಕೈ ಗೊತ್ತಾಗಲಿಲ್ಲ. ಕಣ್ಣಿಂದ ನೋಡಿ ತಿಳಿದೆ, ಹಿಡಿದಿದ್ದಾರೆ ಅಂತ.

ಈಗ ನೋಟ್‌ಬುಕ್ಕಿನಲ್ಲಿ ದಿನದ್ದನ್ನು ದಿನಾ ಬರೆಯುತ್ತೇನೆ. ಮುನ್ನೂರು ಇದ್ದರೆ ಮುನ್ನೂರು. ಅಕ್ಷರವೂ ಕೆಟ್ಟಿದೆ. ಎ ಒನ್ ಸಿ ಎಂಟಕ್ಕೆ ಇಳಿದಿದೆ. ಸತ್ತ ನರ ಇದರಿಂದ ಎದ್ದು ಬರುವುದಿಲ್ಲ, ಉಳಿದದ್ದು ಉಳಿಯಬಹುದು ಅಂತಾರೆ ಡಾಕ್ಟರಮ್ಮ. ಆಶ್ವಾಸನೆ ಕೊಡುವ ಅಭ್ಯಾಸ ಅವರಿಗೆ ಹೋಗಿದೆ, ನನ್ನ ಕೃಪೆ.

ಹೋದ ಸೋಮವಾರ ಅಕ್ಕನ ಟಾರ್ಚ್ ಒಂದು ಕಡೆ ನಿಂತಿತು. ಎಡಗಾಲಿನ ಹೆಬ್ಬೆರಳ ಪಕ್ಕ, ಹೊಸ ಚಪ್ಪಲಿಯ ಪಟ್ಟಿ ತಿಕ್ಕಿ ಒಂದು ನೀರುಗುಳ್ಳೆ ಎದ್ದಿತ್ತು, ಜೋಳದ ಕಾಳಿನಷ್ಟು. ಅಕ್ಕನ ಮುಖದಲ್ಲಿ ಗಾಬರಿಗಿಂತ ಗೆಲುವೇ ಹೆಚ್ಚಿತ್ತು.

“ನಾ ಬಡಕೊಂಡೆ. ಮನಿಯೊಳಗ ಚಪ್ಪಲ್ ಚಲೋದಲ್ಲ ಅಂತ ಐವತ್ತು ವರ್ಷದಿಂದ ಬಡಕೊಂಡೆ.”

ಅಷ್ಟು ಅಂದು ಅರಿಶಿಣದ ಡಬ್ಬಿಯ ಕಡೆ ನೋಡಿದರು. ಆಮೇಲೆ ತಾವೇ ಮುಖ ತಿರುಗಿಸಿ, ನನ್ನ ಫೋನು ತಂದು ಮಡಿಲಲ್ಲಿ ಹಾಕಿದರು. ಡಾಕ್ಟರಮ್ಮ ಪೇಷಂಟುಗಳ ನಡುವೆ ಇದ್ದರು. ಅವಸರದಲ್ಲೇ ಕೇಳಿದರು, ಎಷ್ಟು ದೊಡ್ಡದು, ಒಡೆದಿದೆಯೋ ಇಲ್ಲವೋ, ಸುತ್ತ ಕೆಂಪಾಗಿದೆಯೇ. ಅಕ್ಕ ನೋಡಿ ಹೇಳಿದ್ದನ್ನು ನಾನು ಹಾಗೇ ಒಪ್ಪಿಸಿದೆ.

“ನೋವು ಐತೇನ್ರಿ ಮೇಡಂ?”

“ಇಲ್ರಿ,” ಅಂದೆ. “ಅದಕ್ಕ ಫೋನ್ ಮಾಡೇನಿ.”